ಮುಚ್ಚಿದ ಹಳೇ ಮಿಲ್ಲನ್ನ ಲಾಫ್ಟ್ ಮನೆ ಮಾಡಿದ್ರೆ ಸತ್ತ ಪೇಟೆಗೆ ಜೀವ ಬರುತ್ತಾ?

ನಿಮ್ಮೂರಿನ ಪೇಟೆ ಮಧ್ಯೆನೇ ಮುಚ್ಚಿದ ಮಿಲ್ ಒಂದು ಹಾಳುಬಿದ್ದಿದೆ, ಅಮೆರಿಕದಲ್ಲಿ ಇಂಥ ಕಟ್ಟಡಗಳನ್ನ ಲಾಫ್ಟ್ ಮನೆ (ಕಾರ್ಖಾನೆಯ ಎತ್ತರದ ಚಾವಣಿ, ದೊಡ್ಡ ಕಿಟಕಿ ಹಾಗೇ ಉಳಿಸ್ಕೊಂಡು ಮಾಡೋ ಮನೆ) ಮಾಡಿ ಇಡೀ ಪೇಟೆನೇ ಎಬ್ಬಿಸಿದಾರಂತೆ, ಅದು ನಿಜನಾ, ನಮ್ಮ ಕಡೆನೂ ಆಗುತ್ತಾ ಅಂತ ಕೇಳಿದೀರಿ. ನಾನು ಆರ್ಕಿಟೆಕ್ಟ್ ಅಲ್ಲ, ಬಿಲ್ಡರೂ ಅಲ್ಲ. ಆದ್ರೆ ಅಂಥದೇ ಒಂದು ಗಿರಣಿ ಒಳಗೆ ಐದು ವರ್ಷ ಬಾಡಿಗೆಗೆ ಇದ್ದೆ, ಅದಕ್ಕೇ ಉತ್ತರ ಬರೀತಿದೀನಿ. ಉದ್ದ ಆಗುತ್ತೆ, ಟೀ ಇಟ್ಕೊಂಡು ಓದಿ.

ನಮ್ದು ದಾವಣಗೆರೆ. ಅಜ್ಜ ಗಿರಣಿಲಿ ನೂಲಿನ ಖಾತೆಲಿದ್ರು, ರಾತ್ರಿ ಪಾಳಿ ಮುಗಿಸಿ ಬಂದ್ರೆ ಹುಬ್ಬಿನ ಮೇಲೆಲ್ಲ ಹತ್ತಿ ಕೂತಿರೋದು, ನಾವು ಹುಡುಗ್ರು ಅದನ್ನ ಕಿತ್ತು ಕಿತ್ತು ಆಟ ಆಡ್ತಿದ್ವಿ. ಗಿರಣಿ ಕೂಗಿದ್ರೆ ಅದೇ ನಮ್ಮ ಗಡಿಯಾರ. ಆಮೇಲೆ ಒಂದೊಂದಾಗಿ ಮುಚ್ಚಿದವು, ಆ ಕಥೆ ನಿಮಗೂ ಗೊತ್ತಿರುತ್ತೆ. ನಾನು ಸಾಫ್ಟ್‌ವೇರ್ ಅಂತ ಬಾಸ್ಟನ್ ಕಡೆ ಹೋದೆ, ಅಲ್ಲಿ ಲೋವೆಲ್ ಅನ್ನೋ ಊರಲ್ಲಿ ಬಾಡಿಗೆ ಸ್ವಲ್ಪ ಕಮ್ಮಿ ಅಂತ ಹುಡುಕಿದ್ರೆ ಸಿಕ್ಕ ಮನೆ ಯಾವುದು, ಹತ್ತಿ ಗಿರಣಿ! ವಿಡಿಯೋ ಕಾಲ್‌ನಲ್ಲಿ ಅಜ್ಜಂಗೆ ತೊಲೆ, ಇಟ್ಟಿಗೆ ಗೋಡೆ, ಆಳೆತ್ತರದ ಕಿಟಕಿ ಎಲ್ಲಾ ತೋರಿಸ್ದೆ. ಅವರು ಸ್ವಲ್ಪ ಹೊತ್ತು ನೋಡಿ, "ಅಲ್ಲಲೇ, ನಾನು ಗಿರಣಿಯಿಂದ ನಿಮ್ಮನ್ನ ಹೊರಗ ಹಾಕಾಕ ಮೂವತ್ತು ವರ್ಷ ದುಡದೆ, ನೀನು ರೊಕ್ಕ ಕೊಟ್ಟು ಒಳಗ ಹೋಗಿಯೇನು?" ಅಂದ್ರು. ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಈಗ ಲೋವೆಲ್ ಬಗ್ಗೆ. ಅಮೆರಿಕದಲ್ಲಿ ಮೊದಲು ಪ್ಲಾನ್ ಮಾಡಿ ಕಟ್ಟಿದ ಗಿರಣಿ ಊರುಗಳಲ್ಲಿ ಇದು ಮುಖ್ಯವಾದದ್ದು. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಅನ್ನೋ ವ್ಯಾಪಾರಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಪವರ್ ಲೂಮ್ ನೋಡಿ ತಲೇಲೇ ಇಟ್ಕೊಂಡು ಬಂದು ಬಾಸ್ಟನ್ ಹತ್ತಿರದ ವಾಲ್ತಮ್‌ನಲ್ಲಿ ಗಿರಣಿ ಹಾಕಿದ (ಇವತ್ತಾಗಿದ್ರೆ ಇಂಡಸ್ಟ್ರಿಯಲ್ ಕಳ್ಳತನ ಅಂತ ಕೇಸ್ ಆಗೋದು). ಅವನು 1817ರಲ್ಲೇ ತೀರ್ಕೊಂಡ, ಆಮೇಲೆ ಅವನ ಪಾಲುದಾರರು ಮೆರಿಮ್ಯಾಕ್ ನದಿ 32 ಅಡಿ ಧುಮುಕೋ ಜಾಗ ಹುಡುಕಿ ಅಲ್ಲಿ ಊರು ಕಟ್ಟಿ ಅವನ ಹೆಸರಿಟ್ರು. ಊರೊಳಗೆ ಒಂಬತ್ತು ಕಿಲೋಮೀಟರ್‌ನಷ್ಟು ಕಾಲುವೆ, ಅದರ ದಂಡೆ ಮೇಲೆ ಸಾಲಾಗಿ ಗಿರಣಿ. ಕೆಲಸಕ್ಕೆ ಮೊದಲು ಹಳ್ಳಿಗಳ ಹೆಣ್ಮಕ್ಕಳು ಬಂದ್ರು, ಹಾಸ್ಟೆಲ್ ಥರ ಬೋರ್ಡಿಂಗ್ ಮನೆ, ಗಂಟೆ ಬಾರಿಸಿದ್ರೆ ಏಳ್ಬೇಕು, ಗಂಟೆ ಬಾರಿಸಿದ್ರೆ ಮಲಗ್ಬೇಕು. ಕೂಲಿ ಕಡಿತ, ಊಟ ವಸತಿ ಖರ್ಚು ಜಾಸ್ತಿ ಅಂತ 1834 ಮತ್ತು 1836ರಲ್ಲಿ ಆ ಹುಡುಗೀರೇ ಮುಷ್ಕರ ಮಾಡಿದಾರೆ. ಆಮೇಲೆ ಐರಿಷ್, ಕೆನಡಾದ ಫ್ರೆಂಚ್ ಜನ, ಗ್ರೀಕರು, ಪೋಲೆಂಡ್‌ನವರು. ಹತ್ತಿ ಬರ್ತಿದ್ದುದು ದಕ್ಷಿಣದಿಂದ, ಗುಲಾಮರು ಬಿಡಿಸಿದ ಹತ್ತಿ, ಇದನ್ನ ಅಲ್ಲಿನ ಮ್ಯೂಸಿಯಂನಲ್ಲಿ ಮುಚ್ಚುಮರೆ ಇಲ್ದೆ ಬರೆದಿದಾರೆ.

1920ರ ಹೊತ್ತಿಗೆ ಗಿರಣಿಗಳು ದಕ್ಷಿಣಕ್ಕೆ ಕಿತ್ಕೊಂಡು ಹೋಗಕ್ಕೆ ಶುರು, ಅಲ್ಲಿ ಕೂಲಿ ಕಮ್ಮಿ. ಬೂಟ್ ಮಿಲ್ಸ್ ಅನ್ನೋ ದೊಡ್ಡ ಗಿರಣಿ 50ರ ದಶಕದ ಮಧ್ಯದಲ್ಲಿ ಬಾಗಿಲು ಹಾಕ್ತು. ಜನಸಂಖ್ಯೆ ನೋಡಿ, 1920ರಲ್ಲಿ 1,12,759 ಇದ್ದದ್ದು 1980ಕ್ಕೆ 92,418. ಮತ್ತೆ ಹಳೇ ಸಂಖ್ಯೆ ದಾಟಿ 1,15,554 ಆಗಿದ್ದು 2020ರ ಗಣತಿಲಿ, ಅಂದ್ರೆ ನೂರು ವರ್ಷ. ಎರಡು ವರ್ಷದಲ್ಲಿ ಪೇಟೆ ಎಬ್ಬಿಸ್ತೀವಿ ಅನ್ನೋ ಬಿಲ್ಡರ್ ಬ್ರೋಷರ್ ನಿಮ್ಮ ಕೈಗೆ ಸಿಕ್ಕಿದ್ರೆ ಈ ಮೂರು ಸಂಖ್ಯೆ ನೆನಪಿಟ್ಕೊಳ್ಳಿ.

ನಾನು ಹೇಳ್ಬೇಕು ಅಂತಿರೋದು ಇಷ್ಟೇ, ಲಾಫ್ಟ್‌ಗಳು ಆ ಊರನ್ನ ಎಬ್ಬಿಸ್ಲಿಲ್ಲ, ಊರು ಅರ್ಧ ಎದ್ದು ಕೂತ ಮೇಲೆ ಲಾಫ್ಟ್‌ಗಳು ಬಂದವು. ಎಲ್ಲರೂ ಇದನ್ನ ಉಲ್ಟಾ ಹೇಳ್ತಾರೆ.

ಆಗಿದ್ದು ಹೇಗೆ ಅಂದ್ರೆ, 60ರ ದಶಕದಲ್ಲಿ ಅಲ್ಲೂ ಕೆಡವೋ ಹುಚ್ಚೇ ಇತ್ತು, ಮೆರಿಮ್ಯಾಕ್ ಅನ್ನೋ ಮೊದಮೊದಲ ಗಿರಣಿ, ಅದರ ಬೋರ್ಡಿಂಗ್ ಮನೆಗಳ ಸಾಲು ಎಲ್ಲಾ ನೆಲಸಮ. ಆಗ ಪ್ಯಾಟ್ರಿಕ್ ಮೋಗನ್ ಅನ್ನೋ ಶಿಕ್ಷಣ ಇಲಾಖೆಯ ಒಬ್ರು, ನಮ್ಮೂರಿನ ಮಕ್ಕಳಿಗೆ ಊರಿನ ಬಗ್ಗೆ ನಾಚಿಕೆ ಬಿಟ್ರೆ ಬೇರೆ ಏನೂ ಗೊತ್ತಿಲ್ಲ, ಈ ಗಿರಣಿ ಕಾಲುವೆಗಳೇ ನಮ್ಮ ಪಾಠಶಾಲೆ ಆಗ್ಬೇಕು ಅನ್ನೋ ಥರ ವಾದ ಹಿಡಿದ್ರು. ಜನ ನಕ್ಕಿರಬೇಕು, ಪಾಳುಬಿದ್ದ ಗಿರಣಿನ ಯಾರು ನೋಡಕ್ಕೆ ಬರ್ತಾರೆ. ಆದ್ರೆ ಅದೇ ಊರಿನ ಪಾಲ್ ಸಾಂಗಸ್ ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತಿಗೆ) ಗೆದ್ದು ಹೋಗಿ ಇದನ್ನ ಬಿಲ್ ಮಾಡಿ ಪಾಸ್ ಮಾಡ್ಸಿದ್ರು, 1978 ಜೂನ್‌ನಲ್ಲಿ ಲೋವೆಲ್ ನ್ಯಾಷನಲ್ ಹಿಸ್ಟಾರಿಕಲ್ ಪಾರ್ಕ್ ಆಯ್ತು. ಯೆಲ್ಲೋಸ್ಟೋನ್ ಅನ್ನೋ ದೊಡ್ಡ ಕಾಡಿನ ಪಾರ್ಕ್ ನೋಡ್ಕೊಳ್ಳೋ ಅದೇ ಇಲಾಖೆ, ಅದೇ ಅಗಲ ಟೋಪಿ ರೇಂಜರ್‌ಗಳು, ಇಲ್ಲಿ ಕರಡಿ ಬದ್ಲು ಮಗ್ಗ ತೋರಿಸ್ತಾರೆ. ಸರ್ಕಾರದ ದುಡ್ಡಲ್ಲಿ ಕಾಲುವೆ ಕ್ಲೀನ್ ಆಯ್ತು, ರಸ್ತೆ ಆಯ್ತು, ಬೂಟ್ ಮಿಲ್ಸ್‌ನಲ್ಲಿ ಮ್ಯೂಸಿಯಂ ಆಯ್ತು, ಅಲ್ಲಿ 88 ಪವರ್ ಲೂಮ್ ಜೋಡಿಸಿಟ್ಟಿದಾರೆ, ಒಂದಿಷ್ಟನ್ನ ನಿಜವಾಗ್ಲೂ ಓಡಿಸ್ತಾರೆ, ಒಳಗೆ ಹೋಗೋಕೆ ಮುಂಚೆ ಕಿವಿಗೆ ಹಾಕ್ಕೊಳ್ಳಕ್ಕೆ ಪ್ಲಗ್ ಕೊಡ್ತಾರೆ. ನಾನು ಪ್ಲಗ್ ತೆಗೆದು ಒಂದು ನಿಮಿಷ ನಿಂತೆ, ನಮ್ಮಜ್ಜ ಮನೇಲಿ ಯಾಕೆ ಕಿರುಚಿ ಕಿರುಚಿ ಮಾತಾಡ್ತಿದ್ರು ಅಂತ ಅವತ್ತು ಗೊತ್ತಾಯ್ತು.

ಇದರ ಜೊತೆಗೇ ವಾಂಗ್ ಕಂಪ್ಯೂಟರ್ ಕಂಪನಿ 70ರ ದಶಕದಲ್ಲಿ ಅಲ್ಲಿಗೆ ಬಂದು ಸಾವಿರಾರು ಕೆಲಸ ತಂತು, ಎಲ್ಲರೂ ಗೆದ್ವಿ ಅಂದ್ಕೊಂಡ್ರು, 1992ಕ್ಕೆ ಅದು ದಿವಾಳಿ. ಆರು ಕೋಟಿ ಡಾಲರ್ ಹಾಕಿ ಕಟ್ಟಿದ ಅದರ ಮೂರು ಟವರ್ 1994ರ ಹರಾಜಲ್ಲಿ ಹೋಗಿದ್ದು 5,25,000 ಡಾಲರ್‌ಗೆ. ಒಂದೇ ಉದ್ಯಮ ನೆಚ್ಕೊಂಡು ಮುಳುಗಿದ ಊರು ಇನ್ನೊಂದು ಸಲ ಹಾಗೇ ಮುಳುಗಿತು. ಆದ್ರೆ ಈ ಸಲ ಯೂನಿವರ್ಸಿಟಿ ಇತ್ತು, ಪಾರ್ಕ್ ಇತ್ತು, ಬಾಸ್ಟನ್‌ಗೆ ಮುಕ್ಕಾಲು ಗಂಟೆ ಚಿಲ್ಲರೆ ರೈಲು ಇತ್ತು, 80ರ ದಶಕದಿಂದ ಬಂದು ನೆಲೆಸಿದ ಕಾಂಬೋಡಿಯಾ ಜನ ಇದ್ರು, ಅವರ ಅಂಗಡಿ ಹೋಟೆಲ್ ಇತ್ತು (ಅವರ ನೂಡಲ್ ಸೂಪ್‌ಗೆ ನಾನು ಈಗ್ಲೂ ಜಾಮೀನು ನಿಲ್ತೀನಿ). ಹಂಗಾಗಿ ಪೂರ್ತಿ ಬೀಳ್ಲಿಲ್ಲ.

ಮನೆಗಳ ವಿಷಯಕ್ಕೆ ಬಂದ್ರೆ, 80ರ ದಶಕದ ಶುರುವಲ್ಲೇ ಮಾರ್ಕೆಟ್ ಮಿಲ್ಸ್ ಅನ್ನೋ ಕಡೆ ಅಪಾರ್ಟ್‌ಮೆಂಟ್ ಆಗಿದ್ವು. ಆದ್ರೆ ಪೇಟೆ ಒಳಗೆ ಕಲಾವಿದರು ಕಟ್ಟಡದಲ್ಲೇ ವಾಸ, ಅಲ್ಲೇ ಕೆಲಸ ಮಾಡೋಕೆ ಅವಕಾಶ ಕೊಡೋ ಝೋನಿಂಗ್ ರೂಲ್ ಬಂದಿದ್ದು 1998ರಲ್ಲಿ, ಪಾರ್ಕ್ ಆಗಿ ಇಪ್ಪತ್ತು ವರ್ಷ ಕಳೆದ ಮೇಲೆ. ನ್ಯೂಯಾರ್ಕ್‌ನ ಸೋಹೋ ಅನ್ನೋ ಹಳೇ ಕಾರ್ಖಾನೆಗಳ ಬಡಾವಣೇಲಿ ಇದು ಉಲ್ಟಾ ಆಗಿತ್ತು, ಅಲ್ಲಿ ಕಲಾವಿದರು ಮೊದಲು ಕಳ್ಳತನದಲ್ಲಿ ಬಂದು ಉಳ್ಕೊಂಡ್ರು, ಆಮೇಲೆ 1971ರಲ್ಲಿ ಊರು ಸೋತು ಲೀಗಲ್ ಮಾಡ್ತು. ಕೊನೆಗೆ ಅಲ್ಲಿ ಕಲಾವಿದರಿಗೇ ಬಾಡಿಗೆ ಕಟ್ಟಕ್ಕಾಗದೆ ಹೋಯ್ತು, ಅದು ಬೇರೆ ಮಾತು. ಲೋವೆಲ್‌ನಲ್ಲಿ ಅದನ್ನ ನೋಡಿ ಕಲಿತರೋ ಏನೋ, ಆಪಲ್‌ಟನ್ ಮಿಲ್ಸ್ ಅಂತ 2011ರಲ್ಲಿ ಆದ ಸುಮಾರು 130 ಮನೆಗಳನ್ನ ಆದಾಯ ಮಿತಿ ಇಟ್ಟು ಕಲಾವಿದರಿಗೆ ಅಂತಲೇ ಮಾಡಿದ್ರು.

ದುಡ್ಡು ಎಲ್ಲಿಂದ? ಯಾರೂ ಮಾತಾಡದ ಬೋರಿಂಗ್ ವಿಷಯ ಇದು, ಆದ್ರೆ ಇದಿಲ್ದೆ ಒಂದು ಗಿರಣಿನೂ ಎದ್ದಿಲ್ಲ. ಅಮೆರಿಕದ ಕೇಂದ್ರ ಸರ್ಕಾರ, ಚಾರಿತ್ರಿಕ ಅಂತ ಪಟ್ಟಿಯಾದ ಕಟ್ಟಡವನ್ನ ನಿಯಮದ ಪ್ರಕಾರ ರಿಪೇರಿ ಮಾಡಿದ್ರೆ ಖರ್ಚಿನ 20 ಪರ್ಸೆಂಟ್ ಟ್ಯಾಕ್ಸಲ್ಲಿ ಬಿಡುತ್ತೆ. ನೂರು ರೂಪಾಯಿ ಹಾಕಿದ್ರೆ ಇಪ್ಪತ್ತು ರೂಪಾಯಿ ಕಟ್ಟಬೇಕಾದ ತೆರಿಗೆಯಿಂದಲೇ ಕಳೀತಾರೆ, ಆದಾಯದಿಂದ ಅಲ್ಲ, ಇದಕ್ಕೇ ಟ್ಯಾಕ್ಸ್ ಕ್ರೆಡಿಟ್ ಅನ್ನೋದು. ಮ್ಯಾಸಚೂಸೆಟ್ಸ್ ರಾಜ್ಯದ್ದೂ 20ರವರೆಗೆ ಸಿಗಬಹುದು. ಅಷ್ಟು ಟ್ಯಾಕ್ಸ್ ಬಿಲ್ಡರ್‌ಗೇ ಬರಲ್ಲ, ಅದಕ್ಕೆ ಅವನು ಬ್ಯಾಂಕನ್ನ ಪಾಲುದಾರ ಮಾಡ್ಕೊಂಡು ಕ್ರೆಡಿಟ್ ಅವರಿಗೆ ಕೊಟ್ಟು ಕ್ಯಾಶ್ ಎತ್ಕೊಳ್ತಾನೆ. ಶರತ್ತುಗಳಿವೆ, ಕಟ್ಟಡ ಆದಾಯ ತರೋದಿರ್ಬೇಕು ಅಂದ್ರೆ ಬಾಡಿಗೆ, ನೀವೇ ಇರೋ ಮನೆಗೆ ಸಿಗಲ್ಲ, ಮುಗಿದು ಐದು ವರ್ಷದೊಳಗೆ ಮಾರಿದ್ರೆ ವಾಪಸ್ ಕಟ್ಬೇಕು, ಕಿಟಕಿ ಬದಲಾಯಿಸ್ಬೇಕಂದ್ರೂ ಹಳೇದರ ಥರಾನೇ ಕಾಣ್ಬೇಕು. ನನ್ನ ಮನೆ ಲಿವಿಂಗ್ ರೂಮ್ ಮಧ್ಯೆ ಒಂದು ದಪ್ಪ ಕಂಬ, ಸೋಫಾ ಎಲ್ಲಿಟ್ರೂ ಅಡ್ಡ, ತೆಗೀಬಹುದಿತ್ತಲ್ಲ ಅಂತ ಬಾಡಿಗೆ ಆಫೀಸಲ್ಲಿ ಕೇಳಿದ್ರೆ ಆ ಹೆಣ್ಣುಮಗಳು ನಕ್ಕು, ಮಹಡಿ ಬೀಳುತ್ತೆ ಸರ್, ಬೀಳ್ದಿದ್ರೂ ಸರ್ಕಾರ ಬಿಡಲ್ಲ ಅಂದ್ಲು.

ಕಟ್ಟಡದ್ದೂ ಒಂದು ಗುಟ್ಟಿದೆ. ಆ ಕಾಲದಲ್ಲಿ ಕರೆಂಟ್ ಇಲ್ಲ, ನೀರಿನ ಚಕ್ರದಿಂದ ಶಕ್ತಿ ಬೆಲ್ಟ್ ಶಾಫ್ಟ್ ಮೇಲೆ ಮಹಡಿಯಿಂದ ಮಹಡಿಗೆ ಹೋಗ್ಬೇಕು, ಹಂಗಾಗಿ ನಾಲ್ಕೈದು ಮಹಡಿ ಎತ್ತರ. ಬೆಳಕು ಕಿಟಕಿಯಿಂದಲೇ ಬರ್ಬೇಕು, ಹಂಗಾಗಿ ಅಗಲ ಕಮ್ಮಿ, ಕಿಟಕಿ ದೊಡ್ಡದು. ಎತ್ತರ, ಸಪೂರ, ಉದ್ದ, ಎರಡೂ ಕಡೆ ಕಿಟಕಿ. ನಡುವೆ ಒಂದು ಕಾರಿಡಾರ್ ಬಿಟ್ರೆ ಎಲ್ಲಾ ಮನೆಗೂ ಬೆಳಕು! ಯಾರೂ ಯೋಚಿಸ್ದೇನೇ ಇನ್ನೂರು ವರ್ಷದ ಹಿಂದೆ ಅಪಾರ್ಟ್‌ಮೆಂಟ್ ಕಟ್ಟಿಟ್ಟಂಗೆ. ಈಗಿನ ಗಾಜಿನ ಐಟಿ ಆಫೀಸನ್ನ ಮನೆ ಮಾಡಕ್ಕೆ ಒದ್ದಾಡೋದು ಇದಕ್ಕೇ, ನಡುಮಧ್ಯೆ ಬೆಳಕೇ ಹೋಗಲ್ಲ.

ಇದ್ದು ನೋಡಿದ್ರೆ ಹೇಗೆ ಅಂದ್ರೆ, ಫೋಟೋಗೆ ಚೆಂದ. ಮರದ ನೆಲ, ಮೇಲಿನವರ ಮಗು ಗೋಲಿ ಉರುಳಿಸಿದ್ರೆ ಎಣಿಸ್ಬಹುದು. ಇಟ್ಟಿಗೆ ಗೋಡೆಗೆ ಒಂದು ಮೊಳೆ ಹೊಡೆಯಂಗಿಲ್ಲ, ದೇವರ ಫೋಟೋನ ಕಿಟಕಿ ಕಟ್ಟೆ ಮೇಲೆ ನಿಲ್ಲಿಸಿದ್ವಿ, ಕಟ್ಟೆ ಅಷ್ಟು ಅಗಲ ಇತ್ತು ಬಿಡಿ, ಗಣಪತಿ ಹಬ್ಬಕ್ಕೆ ಮಂಟಪ ಬೇಕಾಗ್ಲಿಲ್ಲ. ಹದಿಮೂರು ಅಡಿ ಎತ್ತರದ ಸೀಲಿಂಗು, ಜನವರಿಲಿ ಬಿಸಿಯೆಲ್ಲ ಮೇಲೆ ಹೋಗಿ ಕೂತು ನಾವು ಕೆಳಗೆ ಶಾಲು ಹೊದ್ದು ಕೂರೋದು, ಹೀಟಿಂಗ್ ಬಿಲ್ ನೋಡಿ ಹೆಂಡ್ತಿ ಈ ದುಡ್ಡಲ್ಲಿ ಊರಿಗೇ ಹೋಗಿ ಬರಬಹುದಿತ್ತು ಅಂದ್ಲು. ಬೇಸಿಗೇಲಿ ಒಂದು ದಿನ ಸೆಖೆ ಜಾಸ್ತಿ ಆಗಿ ಹಳೇ ಹಲಗೆಯಿಂದ ಎಣ್ಣೆ ವಾಸನೆ ಬಂತು, ಮಗ್ಗದ ಎಣ್ಣೆ, ಅಜ್ಜನ ಅಂಗಿ ವಾಸನೆ. ನೂರು ವರ್ಷ ಕುಡಿದಿದ್ದು ಎಷ್ಟು ಪಾಲಿಶ್ ಹಾಕಿದ್ರೂ ಹೋಗಲ್ಲ.

ಪೇಟೆ ಎದ್ದಿದೆಯಾ ಅಂದ್ರೆ, ನಾನಿದ್ದಾಗ ಕಂಡಷ್ಟು ಹೇಳ್ತೀನಿ. ಜುಲೈನಲ್ಲಿ ಫೋಕ್ ಫೆಸ್ಟಿವಲ್ ಆದ್ರೆ ಕಾಲಿಡಕ್ಕೆ ಜಾಗ ಇರಲ್ಲ. ಶನಿವಾರ ಸಂಜೆ ಹೋಟೆಲ್‌ಗಳು ಫುಲ್. ಆದ್ರೆ ಮಂಗಳವಾರ ಬೆಳಿಗ್ಗೆ ಹೋಗಿ, ಮೆರಿಮ್ಯಾಕ್ ಸ್ಟ್ರೀಟಲ್ಲಿ ಖಾಲಿ ಅಂಗಡಿ ಕಾಣ್ತವೆ, ಒಂದು ಬಟ್ಟೆ ಅಂಗಡಿ ತೆಗೆದು ಆರು ತಿಂಗಳಿಗೆ ಮುಚ್ಚಿದ್ದನ್ನ ನಾನೇ ನೋಡಿದೀನಿ. ಯಾಕಂದ್ರೆ ಮೇಲ್ಗಡೆ ಮಲಗೋರು ಜಾಸ್ತಿ ಆದ ಮಾತ್ರಕ್ಕೆ ಕೆಳಗಡೆ ಅಂಗಡಿ ನಡೆಯಲ್ಲ. ನನ್ನನ್ನೇ ತಗೊಳ್ಳಿ, ಬೆಳಿಗ್ಗೆ ಏಳಕ್ಕೆ ಕಾರ್ ತೆಗೆದು ಆಫೀಸಿಗೆ, ತರಕಾರಿ ಹೈವೇ ಪಕ್ಕದ ದೊಡ್ಡ ಅಂಗಡೀಲಿ, ಬಟ್ಟೆ ಆನ್‌ಲೈನ್, ಪೇಟೆಗೆ ನನ್ನಿಂದ ಆದ ವ್ಯಾಪಾರ ವಾರಕ್ಕೆ ಎರಡು ಕಾಫಿ ಒಂದು ಸೂಪ್. ಹಗಲು ಹೊತ್ತಿನ ಜನ ಬೇಕು, ಅದನ್ನ ತಂದಿದ್ದು ಯೂನಿವರ್ಸಿಟಿ (2009ರಲ್ಲಿ ಪೇಟೆ ಮಧ್ಯದ ಹೋಟೆಲ್ ಒಂದನ್ನೇ ಕೊಂಡು ಹುಡುಗರನ್ನ ಅಲ್ಲಿಟ್ರು), 2020ರಲ್ಲಿ ಬಂದ ಹೊಸ ಕೋರ್ಟ್ ಕಟ್ಟಡ, ಇಂಥವು.

ಈಗ ನಿಮ್ಮೂರು. ನಮ್ಮ ಕಡೆ ಮೊದಲ ತೊಡಕು ದುಡ್ಡಿಂದು. ಅಂಥ ಟ್ಯಾಕ್ಸ್ ಕ್ರೆಡಿಟ್ ನಮ್ಮಲ್ಲಿಲ್ಲ, ಕಟ್ಟಡಕ್ಕಿಂತ ಅದರ ಕೆಳಗಿನ ಜಾಗಕ್ಕೆ ಬೆಲೆ ಜಾಸ್ತಿ, ಹಂಗಾಗಿ ಕೆಡವೋನೇ ಜಾಣ. ಮುಂಬೈ ನೋಡಿ, 1991ರ ನಿಯಮದಲ್ಲಿ ಗಿರಣಿ ಜಾಗ ಅಭಿವೃದ್ಧಿ ಮಾಡೋದಾದ್ರೆ ಮೂರನೇ ಒಂದು ಭಾಗ ಸಾರ್ವಜನಿಕ ಬಯಲಿಗೆ, ಇನ್ನೊಂದು ಭಾಗ ಬಡವರ ಮನೆಗಳಿಗೆ ಅಂತಿತ್ತು. 2001ರಲ್ಲಿ ತಿದ್ದುಪಡಿ ಮಾಡಿ ಆ ಲೆಕ್ಕ ಬರೀ ಖಾಲಿ ಜಾಗಕ್ಕೆ, ಕಟ್ಟಡ ನಿಂತಿರೋ ಜಾಗಕ್ಕಲ್ಲ ಅಂದ್ರು. ಗಿರಣಿ ಅಂದ್ಮೇಲೆ ಖಾಲಿ ಜಾಗ ಎಷ್ಟಿರುತ್ತೆ? ಮಾಲ್ ಬಂತು, ಟವರ್ ಬಂತು. ಎರಡನೇದು ಕಟ್ಟಡದ್ದು, ನಮ್ಮ ಕಡೆ ತುಂಬಾ ಗಿರಣಿಗಳು ಕರೆಂಟ್ ಬಂದ ಮೇಲೆ ಕಟ್ಟಿದವು, ಒಂದೇ ಅಂತಸ್ತಿನ ಶೆಡ್, ಗರಗಸದ ಹಲ್ಲಿನ ಥರ ಚಾವಣಿ, ಬೆಳಕು ಮೇಲಿಂದ. ಅದಕ್ಕೆ ಮನೆ ಒಪ್ಪಲ್ಲ. ಸಂತೆ, ಗ್ರಂಥಾಲಯ, ಕಾಲೇಜು, ನಾಟಕ ಮಂದಿರ, ಕೈಮಗ್ಗದವರ ವರ್ಕ್‌ಶಾಪ್ ಚೆನ್ನಾಗಿ ಒಪ್ಪುತ್ತೆ. ಲಾಫ್ಟ್ ಅನ್ನೋ ಪದಕ್ಕೆ ಜೋತು ಬೀಳ್ಬೇಡಿ. ಮೂರನೇದು, ಅಲ್ಲಿ ದುಡಿದೋರ ಬಾಕಿ ಚುಕ್ತಾ ಆಗಿದೆಯಾ ನೋಡಿ, ಆಗಿಲ್ಲ ಅಂದ್ರೆ ನೀವು ಏನು ಮಾಡಿದ್ರೂ ಕೋರ್ಟಲ್ಲಿ ಕೂರುತ್ತೆ, ಕೂರಬೇಕಾದ್ದೇ.

ನಿಮ್ಮ ಪ್ರಶ್ನೇಲಿ ಆ ಮಿಲ್ ಎಷ್ಟು ಮಹಡಿ ಅಂತ ಬರ್ದಿಲ್ಲ. ಯಾವುದಕ್ಕೂ ಈ ಮಳೆಗಾಲ ಶುರುವಾಗೋ ಮುಂಚೆ ವಾಚ್‌ಮನ್‌ನ ಕೇಳ್ಕೊಂಡು ಒಳಗೆ ಹೋಗಿ ಚಾವಣಿ ನೋಡಿ ಬನ್ನಿ. ಗೋಡೆಯ ಸಣ್ಣ ಬಿರುಕು ಆಮೇಲೆ ನೋಡ್ಕೊಂಡ್ರಾಯ್ತು, ಚಾವಣಿ ಸೋರ್ತಿದ್ರೆ ತೊಲೆ ಕೊಳೆಯುತ್ತೆ, ನಾಲ್ಕೈದು ಮಳೆಗಾಲ ಸಾಕು. ಸೋರ್ತಿದ್ರೆ ಉಳಿದಿದ್ದೆಲ್ಲ ಆಮೇಲೆ, ಮೊದಲು ಯಾರನ್ನಾದ್ರೂ ಹಿಡಿದು ಒಂದು ಟಾರ್ಪಾಲ್ ಹೊದಿಸಿ.