ಟರ್ಬೊ ಎಂಜಿನ್‌ನಲ್ಲಿ ಕ್ಯಾಮ್ ಗೇರ್ ಯಾವ ಕಡೆ ತಿರುಗಿಸಬೇಕು?

ನಿಮ್ಮದು ಎರಡು ಕ್ಯಾಮ್ (ವಾಲ್ವ್ ತೆರೆದು ಮುಚ್ಚಿಸುವ ಶಾಫ್ಟ್) ಇರುವ ಟರ್ಬೊ ಎಂಜಿನ್, ಎರಡಕ್ಕೂ ಅಡ್ಜಸ್ಟಬಲ್ ಗೇರ್ ಹಾಕಿಸಿದ್ದೀರಿ. ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಬೇಗ ಬರಬೇಕು, ಮೇಲಿನ ಆರ್‌ಪಿಎಂನಲ್ಲಿ ಪವರ್ ಬೀಳಬಾರದು, ಅದಕ್ಕೆ ಯಾವ ಗೇರ್ ಎಷ್ಟು ಡಿಗ್ರಿ ಅಂತ ಕೇಳಿದ್ದೀರಿ. ಗೇರ್ ಮುಟ್ಟುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ ಒಂದು ಪ್ರೆಶರ್ ಗೇಜ್ ಹಾಕಿ. ಟರ್ಬೈನ್‌ಗಿಂತ (ಹೊಗೆಯಿಂದ ತಿರುಗುವ ಟರ್ಬೊದ ಚಕ್ರ) ಮುಂಚೆ ಎಷ್ಟು ಒತ್ತಡ ಇದೆ ಅಂತ ಗೊತ್ತಾಗದೆ ಯಾರೇ ಡಿಗ್ರಿ ಹೇಳಿದರೂ ಅದು ಬರೀ ಅಂದಾಜು.

ಕಾರಣ ಓವರ್‌ಲ್ಯಾಪ್. ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಅಷ್ಟರಲ್ಲೇ ಇನ್‌ಟೇಕ್ ವಾಲ್ವ್ ತೆರೆಯಲು ಶುರು ಮಾಡಿರುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಹೊರಗೆ ಓಡುವ ಹೊಗೆ ತನ್ನ ಹಿಂದೆ ಹೊಸ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಓವರ್‌ಲ್ಯಾಪ್ ಲಾಭ. ಟರ್ಬೊದಲ್ಲಿ ಹೊಗೆಯ ದಾರಿಗೆ ಟರ್ಬೈನ್ ಅಡ್ಡ ಇದೆ ಅಲ್ವಾ? ಕಂಪನಿಯಿಂದಲೇ ಬರುವ ಚಿಕ್ಕ ಟರ್ಬೊಗಳಲ್ಲಿ ಹೈ ಆರ್‌ಪಿಎಂನಲ್ಲಿ ಬ್ಯಾಕ್ ಪ್ರೆಶರ್ (ಟರ್ಬೈನ್‌ಗಿಂತ ಮುಂಚಿನ ಆ ಒತ್ತಡ) ಬೂಸ್ಟ್‌ನ ಒಂದೂವರೆ, ಎರಡು ಪಟ್ಟು ಆಗುವುದು ಮಾಮೂಲು. ಬೂಸ್ಟ್ 1 ಬಾರ್, ಎಕ್ಸಾಸ್ಟ್ ಕಡೆ 1.8 ಬಾರ್ ಅಂದುಕೊಳ್ಳಿ. ಆಗ ಬಿಸಿ ಹೊಗೆ ವಾಪಸ್ ಸಿಲಿಂಡರ್‌ಗೆ, ಅಲ್ಲಿಂದ ಇನ್‌ಟೇಕ್‌ಗೂ ನುಗ್ಗುತ್ತದೆ. ಹೊಸ ಗಾಳಿಗೆ ಜಾಗ ಕಮ್ಮಿ, ಶಾಖ ಜಾಸ್ತಿ, ನಾಕ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಶುರು.

ಗೇಜ್ ಹಾಕುವುದು ದೊಡ್ಡ ಕೆಲಸವಲ್ಲ. ಮ್ಯಾನಿಫೋಲ್ಡ್ ಬಿಚ್ಚಿಯೇ ತೂತು ಕೊರೆಯಿರಿ, ಲೋಹದ ಚೂರು ಟರ್ಬೈನ್‌ಗೆ ಹೋಗಬಾರದು. ಥ್ರೆಡ್ ಹಾಕಿ ಸಣ್ಣ ಸ್ಟೀಲ್ ಪೈಪ್ ಕೂರಿಸಿ. ಒಂದು ಮೀಟರ್‌ನಷ್ಟು ಪೈಪನ್ನು ಸುರುಳಿ ಸುತ್ತಿ, ಅದರ ತುದಿಗೆ ರಬ್ಬರ್ ಹೋಸ್ ಸೇರಿಸಿ. ನೇರವಾಗಿ ಹಾಕಿದರೆ ಹೋಸ್ ಸುಟ್ಟುಹೋಗುತ್ತದೆ. ಗೇಜಿನ ಮುಳ್ಳು ತುಂಬಾ ನಡುಗಿದರೆ ಹೋಸ್ ಒಳಗೆ ಸಣ್ಣ ತೂತಿನ ಜೆಟ್ ಒಂದನ್ನು ತೂರಿಸಿ. ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಫುಲ್ ಥ್ರಾಟಲ್ ಕೊಟ್ಟು ಬೂಸ್ಟ್, ಬ್ಯಾಕ್ ಪ್ರೆಶರ್ ಎರಡನ್ನೂ ಆರ್‌ಪಿಎಂ ಜೊತೆ ಬರೆದುಕೊಳ್ಳಿ.

ಬ್ಯಾಕ್ ಪ್ರೆಶರ್ ತುಂಬಾ ಮೇಲಿದ್ದರೆ ಓವರ್‌ಲ್ಯಾಪ್ ಇಳಿಸಬೇಕು. ನಾನಾದರೆ ಮೊದಲು ಎಕ್ಸಾಸ್ಟ್ ಕ್ಯಾಮನ್ನು 2 ಡಿಗ್ರಿ ಅಡ್ವಾನ್ಸ್ (ಮುಂಚಿತ) ಮಾಡುತ್ತೇನೆ. ವಾಲ್ವ್ ಬೇಗ ಮುಚ್ಚುವುದರಿಂದ ಓವರ್‌ಲ್ಯಾಪ್ ಇಳಿಯುತ್ತದೆ. ವಾಲ್ವ್ ಬೇಗ ತೆರೆಯುವುದರಿಂದ ಇನ್ನೂ ಕಸುವಿರುವ ಹೊಗೆ ಟರ್ಬೈನ್‌ಗೆ ಸಿಗುತ್ತದೆ. ಅದೇ ಹೊಗೆ ಪಿಸ್ಟನ್ ತಳ್ಳುವ ಕೆಲಸ ಅಷ್ಟು ಕಮ್ಮಿ ಮಾಡಿರುತ್ತದೆ, ಹಾಗಾಗಿ ಅತಿ ಮಾಡಬೇಡಿ. ಇನ್‌ಟೇಕ್ ರಿಟಾರ್ಡ್ (ತಡ) ಮಾಡಿದರೂ ಓವರ್‌ಲ್ಯಾಪ್ ಇಳಿಯುತ್ತದೆ. ಆದರೆ ವಾಲ್ವ್ ತಡವಾಗಿ ಮುಚ್ಚುವುದರಿಂದ ಮೇಲೆ ಪವರ್ ಬರುತ್ತದೆ, ಕೆಳಗೆ ಟಾರ್ಕ್ ಹೋಗುತ್ತದೆ.

ದೊಡ್ಡ ಟರ್ಬೊ ಹಾಕಿ ಬ್ಯಾಕ್ ಪ್ರೆಶರ್ ಬೂಸ್ಟ್‌ಗಿಂತ ಕೆಳಗಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಓವರ್‌ಲ್ಯಾಪ್ ಜಾಸ್ತಿ ಮಾಡಿದರೆ ಹೊಸ ಗಾಳಿಯೇ ಹಳೇ ಹೊಗೆಯನ್ನು ಹೊರಗೆ ತಳ್ಳುತ್ತದೆ. ಆದರೆ ಉರಿಯದೆ ಹಾದುಹೋದ ಗಾಳಿಯಿಂದ ಆಕ್ಸಿಜನ್ ಸೆನ್ಸರ್ ಮಿಶ್ರಣ ಲೀನ್ (ಪೆಟ್ರೋಲ್ ಕಮ್ಮಿ) ಅಂತ ತೋರಿಸುತ್ತದೆ. ಅದನ್ನು ನಂಬಿ ಸುಮ್ನೆ ಪೆಟ್ರೋಲ್ ಸುರಿಯಬೇಡಿ.

ಡಿಗ್ರಿ ವಿಷಯದಲ್ಲಿ ಒಂದು ಗೊಂದಲ ಇದ್ದೇ ಇರುತ್ತದೆ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಕ್ಯಾಮ್‌ನ 1 ಡಿಗ್ರಿ ಅಂದರೆ ಕ್ರ್ಯಾಂಕ್‌ನ 2 ಡಿಗ್ರಿ. ಗೇರ್ ಮೇಲಿನ ಗೆರೆ ಯಾವ ಲೆಕ್ಕದ್ದು ಅಂತ ತಯಾರಕರ ಹಾಳೆಯಲ್ಲಿ ನೋಡಿ. ನಾನು ಮೇಲೆ ಹೇಳಿದ್ದು ಕ್ರ್ಯಾಂಕ್ ಡಿಗ್ರಿ. ಗೇರ್‌ನ ಸೊನ್ನೆ ಗೆರೆಯನ್ನೂ ಕುರುಡಾಗಿ ನಂಬಬೇಡಿ. ಹೆಡ್ ಸ್ಕಿಮ್ (ಸಿಲಿಂಡರ್ ಹೆಡ್‌ನ ತಳ ತುಸು ಹೆರೆಯುವುದು) ಮಾಡಿಸಿದ್ದರೆ ಕ್ಯಾಮ್ ಆಗಲೇ ಸ್ವಲ್ಪ ರಿಟಾರ್ಡ್ ಆಗಿರುತ್ತದೆ. ಡಿಗ್ರಿ ವೀಲ್, ಡಯಲ್ ಗೇಜ್ ಇಟ್ಟು ನಿಜವಾದ ಸೊನ್ನೆ ಹುಡುಕಿ.

ಇನ್ನು ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ. ಇದರಲ್ಲಿ ದಯವಿಟ್ಟು ಅವಸರ ಬೇಡ. ಇನ್‌ಟೇಕ್ ಅಡ್ವಾನ್ಸ್, ಎಕ್ಸಾಸ್ಟ್ ರಿಟಾರ್ಡ್ ಮಾಡಿದರೆ ಈ ಅಂತರ ಕಮ್ಮಿಯಾಗುತ್ತದೆ. ಓವರ್‌ಲ್ಯಾಪ್ ಇಳಿಸುವ ದಿಕ್ಕಿನಲ್ಲಿ ಹೆಚ್ಚಾಗುತ್ತದೆ, ಅದೊಂದು ಸಮಾಧಾನ. ಟಿಡಿಸಿಗೆ (ಪಿಸ್ಟನ್ ಅತಿ ಮೇಲಿರುವ ಜಾಗ) ಸುಮಾರು 10 ಡಿಗ್ರಿ ಮುಂಚೆ ಎಕ್ಸಾಸ್ಟ್, 10 ಡಿಗ್ರಿ ಆದಮೇಲೆ ಇನ್‌ಟೇಕ್ ವಾಲ್ವ್ ಪಿಸ್ಟನ್‌ಗೆ ಅತಿ ಹತ್ತಿರ ಬರುತ್ತವೆ. ಆ ಜಾಗದಲ್ಲಿ ಅಳೆಯಿರಿ. ಇನ್‌ಟೇಕ್‌ಗೆ 2 ಮಿಲಿಮೀಟರ್, ಎಕ್ಸಾಸ್ಟ್‌ಗೆ 2.5 ಮಿಲಿಮೀಟರ್ ಸಾಮಾನ್ಯವಾಗಿ ಇಟ್ಟುಕೊಳ್ಳುವ ಕನಿಷ್ಠ ಅಳತೆ. ಬೋಲ್ಟ್ ಬಿಗಿ ಮಾಡಿದ ಮೇಲೆ ಸ್ಟಾರ್ಟರ್ ಮುಟ್ಟಬೇಡಿ. ಸ್ಪ್ಯಾನರ್‌ನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ತಡೆದ ಹಾಗೆ ಅನಿಸಿದರೆ ಅಲ್ಲೇ ನಿಲ್ಲಿಸಿ.

ಕೆಲವು ಎಂಜಿನ್‌ಗಳಲ್ಲಿ ಇಗ್ನಿಶನ್ ಸಿಗ್ನಲ್ ಕ್ಯಾಮ್‌ನಿಂದಲೇ ಬರುತ್ತದೆ. ಅಲ್ಲಿ ಕ್ಯಾಮ್ ಗೇರ್ ತಿರುಗಿಸಿದರೆ ಇಗ್ನಿಶನ್ ಟೈಮಿಂಗ್ ಕೂಡ ಜರುಗುತ್ತದೆ. ಪ್ರತಿ ಸಲ ಟೈಮಿಂಗ್ ಲೈಟ್ ಹಿಡಿದು ಸರಿ ಮಾಡಿಕೊಂಡ ಮೇಲೇ ಡೈನೊ ಓಡಿಸಿ. ಇಲ್ಲದಿದ್ದರೆ ಪವರ್ ಬದಲಾಗಿದ್ದು ಕ್ಯಾಮ್‌ನಿಂದಲೋ ಇಗ್ನಿಶನ್‌ನಿಂದಲೋ ಗೊತ್ತಾಗುವುದಿಲ್ಲ.