ಪ್ರಶ್ನೆ ನಿಮ್ಮದು: ನಾಲ್ಕೂ ಉತ್ತರ ಸರಿ ಅನ್ನಿಸಿದರೆ?

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯುಸಿ. ಏಳನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮ. ಅಮೆರಿಕದಲ್ಲಿ ಡಿಗ್ರಿ ಓದುವ ಆಸೆ, ಅದಕ್ಕೆ ಸ್ಯಾಟ್ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಗಣಿತ ಪರವಾಗಿಲ್ಲ, ಗ್ರಾಮರ್ ಪ್ರಶ್ನೆಗಳು ಅರ್ಧಕ್ಕರ್ಧ ತಪ್ಪಾಗುತ್ತವೆ. 'ಮನಸ್ಸಿನಲ್ಲಿ ಓದಿಕೊಳ್ಳಿ, ಕಿವಿಗೆ ಯಾವುದು ಸರಿ ಅನ್ನಿಸುತ್ತದೋ ಅದನ್ನೇ ಒತ್ತಿ' ಎನ್ನುತ್ತಾರೆ. ನನಗೆ ನಾಲ್ಕೂ ಸರಿ ಅನ್ನಿಸುತ್ತವೆ. ಮನೆಯಲ್ಲಿ ಇಂಗ್ಲಿಷ್ ಮಾತಾಡುವವರು ಯಾರೂ ಇಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ಸಕಲೇಶಪುರ

ಉತ್ತರ: ಮೊದಲು ಆ ಕಿವಿಯ ಮಾತನ್ನು ಬಿಡಮ್ಮ. ಹುಟ್ಟಿದಾಗಿನಿಂದ ಇಂಗ್ಲಿಷ್ ಕೇಳಿ ಬೆಳೆದವರ ಕಿವಿಯನ್ನೇ ಯಾಮಾರಿಸುವ ಹಾಗೆ ಆ ಪ್ರಶ್ನೆಗಳನ್ನು ಮಾಡಿರುತ್ತಾರೆ. ಇನ್ನು ನಿನ್ನ ಕಿವಿ, ನನ್ನ ಕಿವಿ ಯಾವ ಲೆಕ್ಕ? ನಿನ್ನ ಹತ್ತಿರ ಇರುವುದು ಕನ್ನಡ. ಅದು ಇಲ್ಲಿ ನೀನು ಅಂದುಕೊಂಡದ್ದಕ್ಕಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಕ್ರಿಯಾಪದದಿಂದ ಶುರು ಮಾಡೋಣ. 'ದಿ ಪ್ಲಾಂಟರ್, ಹೂ ಲಿವ್ಸ್ ಇನ್ ಸಕಲೇಶಪುರ, ಡ್ಯಾಶ್ ಕಾಫಿ ಇನ್ ಹಾಸನ' ಎಂಬ ವಾಕ್ಯ ಕೊಟ್ಟು ಸೆಲ್ಲಿಂಗ್, ಟು ಸೆಲ್, ಹ್ಯಾವಿಂಗ್ ಸೋಲ್ಡ್, ಸೆಲ್ಸ್ ಎಂದು ನಾಲ್ಕು ಆಯ್ಕೆ ಇಟ್ಟರು ಅನ್ನು. ಈ ಥರದ ಪ್ರಶ್ನೆ ಸ್ಯಾಟ್‌ನಲ್ಲಿ ಬಂದೇ ಬರುತ್ತದೆ. ಈಗ ನಾಲ್ಕನ್ನೂ ಕನ್ನಡದಲ್ಲಿ ಹೇಳಿಕೋ: ಮಾರುತ್ತಾ, ಮಾರಲು, ಮಾರಿ, ಮಾರುತ್ತಾನೆ. 'ಸಕಲೇಶಪುರದ ಬೆಳೆಗಾರ ಹಾಸನದಲ್ಲಿ ಕಾಫಿ ಮಾರುತ್ತಾ' ಎಂದು ನಿಲ್ಲಿಸಿದರೆ ನಿಮ್ಮ ಅಜ್ಜಿಯೂ 'ಹೂಂ, ಆಮೇಲೆ?' ಎನ್ನುತ್ತಾರೆ. ಮಾತು ಮುಗಿದಿಲ್ಲ ಅಂತ ಅವರಿಗೆ ಯಾವ ಗ್ರಾಮರ್ ಪುಸ್ತಕವೂ ಹೇಳಿಕೊಡಬೇಕಿಲ್ಲ. ಹೈಸ್ಕೂಲಿನಲ್ಲಿ ಕೃದಂತಾವ್ಯಯ ಅಂತ ಬಾಯಿಪಾಠ ಮಾಡಿ ಮರೆತೆಯಲ್ಲ, ಅದೇ ಇದು. ಮಾಡಿ, ಮಾಡುತ್ತಾ, ಮಾಡಲು ಇವು ಎಷ್ಟು ಬಂದರೂ ವಾಕ್ಯ ಮುಗಿಯುವುದಿಲ್ಲ, ಮುಗಿಸಲು 'ಮಾಡುತ್ತಾನೆ' ಬೇಕು. ಉತ್ತರ ಸೆಲ್ಸ್.

ಎರಡನೆಯದು ಏಕವಚನ ಬಹುವಚನದ ತಕರಾರು. ಇಲ್ಲಿ ಮಾತ್ರ ನಮ್ಮ ಕನ್ನಡದ ಅಭ್ಯಾಸವೇ ನಮಗೆ ಕೈ ಕೊಡುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದು. 'ದಿ ಸ್ಕಲ್ಪ್ಚರ್ಸ್ ಆನ್ ದಿ ವಾಲ್ ಆಫ್ ದಿ ಟೆಂಪಲ್' ಆದಮೇಲೆ 'ಈಸ್' ಬರಬೇಕೋ 'ಆರ್' ಬರಬೇಕೋ? ಕನ್ನಡದಲ್ಲಿ 'ಬೇಲೂರಿನ ದೇವಸ್ಥಾನದ ಗೋಡೆಯ ಮೇಲಿನ ಶಿಲ್ಪಗಳು' ಎನ್ನುತ್ತೇವೆ. ವಿವರವೆಲ್ಲ ಮೊದಲು, ಮುಖ್ಯ ಪದ ಕೊನೆಗೆ. ಹಾಗಾಗಿ ಕ್ರಿಯಾಪದದ ಪಕ್ಕದಲ್ಲಿ ಕೂತ ಪದವೇ ಯಜಮಾನ ಎಂದು ನಮಗೆ ರೂಢಿ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ಯಜಮಾನ ಮೊದಲೇ ಬಂದು ಕೂತಿರುತ್ತಾನೆ, ಆಮೇಲೆ ಆನ್, ಆಫ್, ಇನ್ ಹಿಡಿದುಕೊಂಡು ಬಾಲಂಗೋಚಿ ಬರುತ್ತದೆ. ನೀನು ಪಕ್ಕದ 'ಟೆಂಪಲ್' ನೋಡಿ 'ಈಸ್' ಒತ್ತಿರುತ್ತೀಯ, ಅಲ್ವಾ? ಇಡೀ ತುಂಡನ್ನು ಕನ್ನಡಕ್ಕೆ ತಿರುಗಿಸು, ಕೊನೆಗೆ ಯಾವ ಪದ ಬಂತು ನೋಡು. ಶಿಲ್ಪಗಳು. ಬಹುವಚನ, 'ಆರ್'. ವಾಕ್ಯ ಎಷ್ಟೇ ಉದ್ದ ಇರಲಿ, ಈ ತಿರುಗಿಸುವ ಕೆಲಸಕ್ಕೆ ಐದಾರು ಸೆಕೆಂಡು ಸಾಕು. ನಾನು ಹಾಸನದಲ್ಲಿ ಪಾಠ ಹೇಳುವಾಗ ಮಕ್ಕಳು ಮೊದಲು ನಗುತ್ತಾರೆ, ಇಂಗ್ಲಿಷ್ ಪರೀಕ್ಷೆಗೆ ಕನ್ನಡವಾ ಅಂತ. ಆಮೇಲೆ ಅವರೇ ಮಾಡುತ್ತಾರೆ.

ಕಾಮಾದಲ್ಲೂ ಇಂಥದ್ದೇ ಒಂದು ಗುಂಡಿ ಇದೆ. 'ಮಳೆ ಬಂತು, ಕರೆಂಟ್ ಹೋಯಿತು.' ಕನ್ನಡದಲ್ಲಿ ಇದು ಸರಿ, ಮಲೆನಾಡಿನಲ್ಲಂತೂ ದಿನಾ ಹೇಳುವ ಮಾತು. ಇದನ್ನೇ ಇಂಗ್ಲಿಷಿನಲ್ಲಿ ಬರೆದು ನಡುವೆ ಬರೀ ಕಾಮಾ ಹಾಕಿದರೆ ಸ್ಯಾಟ್‌ನಲ್ಲಿ ತಪ್ಪು. ಎರಡೂ ಪೂರ್ತಿ ವಾಕ್ಯ, ಕಾಮಾ ಒಂದೇ ಅವನ್ನು ಹಿಡಿದು ನಿಲ್ಲಿಸಲಾರದು. ಫುಲ್‌ಸ್ಟಾಪ್ ಬೇಕು, ಅಥವಾ ಸೆಮಿಕೋಲನ್, ಅಥವಾ ಕಾಮಾದ ಜೊತೆ 'ಆ್ಯಂಡ್' ಥರದ ಒಂದು ಪದ. ಇದರಲ್ಲೇ ಒಂದು ಉಪಾಯ ಇದೆ. ಎರಡು ಪೂರ್ತಿ ವಾಕ್ಯಗಳ ನಡುವೆ ಫುಲ್‌ಸ್ಟಾಪೂ ಸೆಮಿಕೋಲನ್ನೂ ಮಾಡುವ ಕೆಲಸ ಒಂದೇ. ಬೇರೆ ಏನೂ ಬದಲಾಗದೆ ಒಂದು ಆಯ್ಕೆಯಲ್ಲಿ ಅದು, ಇನ್ನೊಂದರಲ್ಲಿ ಇದು ಇದ್ದರೆ ಎರಡನ್ನೂ ಹೊಡೆದು ಹಾಕು. ಸರಿಯುತ್ತರ ಎರಡು ಇರಲು ಸಾಧ್ಯವಿಲ್ಲವಲ್ಲ.

ನಡುವೆ ತುರುಕಿದ ಮಾತು ಡ್ಯಾಶ್‌ನಿಂದ ಶುರುವಾದರೆ ಡ್ಯಾಶ್‌ನಿಂದಲೇ ಮುಗಿಯಬೇಕು, ಕಾಮಾದಿಂದಾದರೆ ಕಾಮಾದಿಂದಲೇ. 'ಇಟ್ಸ್' ಮೇಲೆ ಅಪಾಸ್ಟ್ರಫಿ ಇದ್ದರೆ 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಎಂದು ಬಿಡಿಸಿ ಓದು. ಅರ್ಥ ಕೂಡಿದರೆ ಸರಿ, ಇಲ್ಲದಿದ್ದರೆ ಅಪಾಸ್ಟ್ರಫಿ ಬೇಡ.

ಇನ್ನು ಸಮಯ. ಓದು ಮತ್ತು ಬರವಣಿಗೆ ವಿಭಾಗದಲ್ಲಿ 54 ಪ್ರಶ್ನೆ, 64 ನಿಮಿಷ. 27 ಪ್ರಶ್ನೆಯ ಎರಡು ಭಾಗ, ಒಂದೊಂದಕ್ಕೆ 32 ನಿಮಿಷ. ಗ್ರಾಮರ್ ಪ್ರಶ್ನೆ ಒಟ್ಟು 11ರಿಂದ 15 ಬರುತ್ತವೆ, ಪ್ರತಿ ಭಾಗದಲ್ಲೂ ಅರ್ಧ ದಾಟಿದ ಮೇಲೆ ಒಟ್ಟಿಗೇ ಇರುತ್ತವೆ. ಇವಕ್ಕೆ ನಿಯಮ ಇದೆ, ಚರ್ಚೆ ಇಲ್ಲ, ಹಾಗಾಗಿ ಬೇಗ ಮುಗಿಯಬೇಕು. ಕೆಲವು ಮಕ್ಕಳು ಇವನ್ನೇ ಮೊದಲು ಮುಗಿಸಿ ಆಮೇಲೆ ಓದುವ ಪ್ರಶ್ನೆಗಳಿಗೆ ವಾಪಸ್ ಬರುತ್ತಾರೆ. ಒಂದು ಭಾಗದ ಒಳಗೆ ಹಾಗೆ ಹಿಂದೆ ಮುಂದೆ ಓಡಾಡಬಹುದು. ಭಾಗ ಮುಗಿದ ಮೇಲೆ ಮಾತ್ರ ಹಿಂದಕ್ಕೆ ಹೋಗುವಂತಿಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡ.

ಸುಮ್ನೆ ದುಡ್ಡು ಕೊಟ್ಟು ಪುಸ್ತಕದ ರಾಶಿ ಹಾಕಿಕೊಳ್ಳಬೇಡ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ತಿ ಅಭ್ಯಾಸ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ. ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ ಸರಿಯುತ್ತರ ಬರೆಯಬೇಡ, ಯಾವ ನಿಯಮ ತಪ್ಪಿತು ಅಂತ ಬರೆ. ಎರಡು ವಾರ ಆದಮೇಲೆ ನೋಡು, ಅದೇ ಮೂರು ನಾಲ್ಕು ನಿಯಮಗಳು ತಿರುತಿರುಗಿ ಬಂದಿರುತ್ತವೆ.

ಪ್ರಶ್ನೆ: ಮಗ ಎಂಬಿಎಗೆ ಜಿಮ್ಯಾಟ್ ಬರೆಯುತ್ತಾನಂತೆ. ಪರಿಚಯದವರು ತಮ್ಮ ಹಳೆಯ ಸೆಂಟೆನ್ಸ್ ಕರೆಕ್ಷನ್ (ವಾಕ್ಯದ ತಪ್ಪು ತಿದ್ದುವ ಪ್ರಶ್ನೆಗಳ) ಪುಸ್ತಕ ಕೊಡುತ್ತೇನೆ ಎಂದಿದ್ದಾರೆ. ತಗೊಳ್ಳಬಹುದಾ?
– ಒಬ್ಬ ತಂದೆ, ಮೂಡಿಗೆರೆ

ಉತ್ತರ: ಪುಕ್ಕಟೆ ಆದರೆ ತಗೊಳ್ಳಿ ಸರ್, ದುಡ್ಡು ಕೊಟ್ಟು ಬೇಡ. 2023ರ ನವೆಂಬರ್‌ನಲ್ಲಿ ಬಂದ ಹೊಸ ಜಿಮ್ಯಾಟ್‌ನಲ್ಲಿ ಸೆಂಟೆನ್ಸ್ ಕರೆಕ್ಷನ್ ತೆಗೆದುಬಿಟ್ಟಿದ್ದಾರೆ. ಈಗ ವರ್ಬಲ್ ವಿಭಾಗದಲ್ಲಿ ಇರುವುದು ಓದಿ ಅರ್ಥ ಮಾಡಿಕೊಳ್ಳುವ ಪ್ರಶ್ನೆ ಮತ್ತು ತರ್ಕದ ಪ್ರಶ್ನೆ ಮಾತ್ರ, 45 ನಿಮಿಷಕ್ಕೆ 23. ಮಗ ಆ ಪುಸ್ತಕ ಹಿಡಿದು ಮೂರು ತಿಂಗಳು ಕೂತರೆ ಇಂಗ್ಲಿಷ್ ಸುಧಾರಿಸಬಹುದು, ಆದರೆ ಪರೀಕ್ಷೆಯಲ್ಲಿ ಆ ಥರದ ಒಂದು ಪ್ರಶ್ನೆಯೂ ಬರುವುದಿಲ್ಲ.