ಹಳೇ ಎಕ್ಸ್‌ಪೆಡಿಶನ್ ಹಾಫ್-ಟ್ರ್ಯಾಕ್ ಮಾಡೆಲ್‌ಗಳು: ಯಾವ ಸ್ಕೇಲ್ ತಗೊಳ್ಳಲಿ, ಎಷ್ಟು ತಗೊಳ್ಳಲಿ?

ನೀವು ಕೇಳಿರೋದು ಇಷ್ಟು ಅಲ್ವಾ, ಕೈಲಿ 28 ಎಂಎಂ ಫಿಗರ್‌ಗಳು, ಅಂದ್ರೆ ಸುಮಾರು ಅಷ್ಟೇ ಎತ್ತರದ ಪುಟ್ಟ ಗೊಂಬೆಗಳು, ಆಗ್ಲೇ ಇವೆ, 1920-30ರ ಸಾಹಸಯಾತ್ರೆ ಥರದ ವಾರ್‌ಗೇಮ್, ಅಂದ್ರೆ ಟೇಬಲ್ ಮೇಲೆ ಗೊಂಬೆ, ದಾಳ ಇಟ್ಕೊಂಡು ಆಡೋ ಆಟ, ಆಡ್ಬೇಕು, ಅದಕ್ಕೆ ಹಾಫ್-ಟ್ರ್ಯಾಕ್, ಅಂದ್ರೆ ಮುಂದೆ ಚಕ್ರ ಹಿಂದೆ ಪಟ್ಟಿ ಇರೋ, ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಗಾಡಿಗಳನ್ನ ಯಾವ ಸ್ಕೇಲಲ್ಲಿ ತಗೊಳ್ಳೋದು, ಎಷ್ಟು ತಗೊಳ್ಳೋದು ಅಂತ. ನಾನು ಕೆಲವು ವರ್ಷದಿಂದ ಇದನ್ನೇ ಸೇರಿಸ್ತಾ ಇದೀನಿ, ಹಾಗಾಗಿ ನೇರವಾಗಿ ಹೇಳ್ತೀನಿ: ಮೊದಲು ಗಾಡಿ ಹುಡುಕ್ಬೇಡಿ, ಯಾವ ಯಾತ್ರೆ ಅಂತ ಆರಿಸ್ಕೊಳ್ಳಿ. ಎಷ್ಟು ಗಾಡಿ, ಎಷ್ಟು ಜನ, ಮರಳಾ ಮಂಜಾ, ಎಲ್ಲಾನೂ ಆ ಯಾತ್ರೆನೇ ಹೇಳ್ಬಿಡುತ್ತೆ.

ಉದಾಹರಣೆಗೆ ಸಿಟ್ರೊಯೆನ್ ಗಾಡಿಗಳು ಸಹಾರಾ ಮರುಭೂಮಿ ದಾಟಿದ ಯಾತ್ರೆ. 1922ರ ಡಿಸೆಂಬರ್ 17ಕ್ಕೆ ಅಲ್ಜೀರಿಯಾದ ಟುಗ್ಗುರ್ಟಿಂದ ಹೊರಟು 1923ರ ಜನವರಿ 7ಕ್ಕೆ ಈಗಿನ ಮಾಲಿ ದೇಶದ ಟಿಂಬಕ್ಟು ಮುಟ್ಟಿದ್ರು, ಜಾರ್ಜ್-ಮರಿ ಹಾರ್ಟ್ ಮತ್ತೆ ಲೂಯಿ ಓಡ್ವೆನ್-ದುಬ್ರೇಯ್ ನಾಯಕರು, ಐದು ಗಾಡಿ, ಹತ್ತು ಜನ, ಜೊತೆಗೆ ಫ್ಲಾಸಿ ಅಂತ ಒಂದು ನಾಯಿ. ಗಾಡಿಗಳಿಗೆ ಹೆಸರೂ ಇತ್ತು, ಬಂಗಾರದ ಜೀರುಂಡೆ, ಬೆಳ್ಳಿ ಚಂದ್ರ, ಹಾರೋ ಆಮೆ ಹೀಗೆ. ಒಂದು ಪುಟ್ಟ ವಾರ್‌ಗೇಮ್ ಪಡೆಗೆ ಇದಕ್ಕಿಂತ ಚೊಕ್ಕ ಲೆಕ್ಕ ಸಿಗಲ್ಲ. ಗಾಡಿ ಪಕ್ಕದಲ್ಲಿ ಆ ಹೆಸರಿನ ಚಿಹ್ನೆ ಬರೆದ ತಕ್ಷಣ ಒಂದೇ ಅಚ್ಚಿನ ಐದು ಮಾಡೆಲ್ ಐದು ಬೇರೆ ಬೇರೆ ಗಾಡಿ ಆಗ್ಬಿಡುತ್ತೆ, ಅದಕ್ಕೇ ನಾನು ಬಣ್ಣಕ್ಕಿಂತ ಚಿಹ್ನೆಗೆ ಜಾಸ್ತಿ ಹೊತ್ತು ಕೊಡ್ತೀನಿ.

ಈಗ ಸ್ಕೇಲ್. ಡೈಕಾಸ್ಟ್, ಅಂದ್ರೆ ಲೋಹದ ಅಚ್ಚಿನ ಮಾಡೆಲ್, ಸುಲಭವಾಗಿ ಸಿಗೋದು 1/43 (ನಿಜವಾದ ಗಾಡಿಯ 43ನೇ ಒಂದು ಭಾಗ), ಆದ್ರೆ 28 ಎಂಎಂಗೆ ಹತ್ತಿರ ಅನ್ನೋದು 1/56. ಐದೂ ಮುಕ್ಕಾಲು ಅಡಿ ಮನುಷ್ಯ 1/56ರಲ್ಲಿ ಹೆಚ್ಚುಕಮ್ಮಿ 31 ಎಂಎಂ, 1/43ರಲ್ಲಿ 41 ಎಂಎಂ. ಮೂರೂವರೆ ಮೀಟರ್ ಗಾಡಿ ಒಂದರಲ್ಲಿ 62 ಎಂಎಂ, ಇನ್ನೊಂದರಲ್ಲಿ 81. ಕಾಲಡಿಯ ಬೇಸ್‌ನ ದಪ್ಪ ಸೇರಿದ್ರೆ ಫಿಗರ್ ಎರಡು ಮೂರು ಎಂಎಂ ಎತ್ತರ ಆಗುತ್ತೆ, ಹಾಗಾಗಿ ನನ್ನ ಕಣ್ಣಿಗೆ 1/48 ಇಂದ 1/50 ಚೆನ್ನಾಗಿ ಕೂರುತ್ತೆ, 1/43 ಪಕ್ಕ ನಿಲ್ಲಿಸಿದ್ರೆ ಡ್ರೈವರ್ ಸ್ಕೂಲ್ ಹುಡುಗನ ಹಾಗೆ ಕಾಣ್ತಾನೆ. ರೆಸಿನ್‌ನಲ್ಲಿ 3ಡಿ ಪ್ರಿಂಟ್ ಮಾಡ್ಸೋರಾದ್ರೆ ಬೇಕಾದ ಸೈಜಿಗೆ ಇಳಿಸ್ಕೋಬಹುದು, ಆದ್ರೆ ಐದೂ ಗಾಡೀನ ಒಂದೇ ಸಲ ಪ್ರಿಂಟ್ ಮಾಡ್ಸಿ, ಆಮೇಲೆ ಇನ್ನೊಂದು ಕಡೆ ಮಾಡ್ಸಿದ್ರೆ ಸೈಜಲ್ಲಿ ಏನಾದ್ರೂ ವ್ಯತ್ಯಾಸ ಬಂದೇ ಬರುತ್ತೆ.

ಹಳೇ ಮಾಡೆಲ್ ತಗೊಳ್ಳುವಾಗ ಹಿಂದಿನ ರಬ್ಬರ್ ಪಟ್ಟಿ ನೋಡದೇ ದುಡ್ಡು ಕೊಡ್ಬೇಡಿ. ಆನ್‌ಲೈನಲ್ಲಿ ಒಬ್ಬರ ಹತ್ರ ನಾನು ತಗೊಂಡಿದ್ದ ಒಂದರಲ್ಲಿ ರಬ್ಬರ್ ಪಟ್ಟಿ ಕರಗಿ ಅಂಟು ಅಂಟಾಗಿ ಪ್ಲಾಸ್ಟಿಕ್ ಚಕ್ರಾನ ತಿಂದುಹಾಕಿತ್ತು, ಫೋಟೋದಲ್ಲಿ ಆ ಕಡೆ ತೋರಿಸೇ ಇರಲಿಲ್ಲ, ತುಂಬಾ ಬೇಜಾರಾಯ್ತು. ಲೋಹದ ಬಾಡಿ ಮೇಲೆ ಸಣ್ಣ ಸಣ್ಣ ಬಿರುಕು, ಉಬ್ಬು ಇದ್ರೂ ಬಿಟ್ಬಿಡಿ, ಅದು ಸತುವಿನ ಮಿಶ್ರಲೋಹ ಒಳಗಿಂದ ಪುಡಿಯಾಗೋ ರೋಗ, ರಿಪೇರಿ ಇಲ್ಲ.

ಆದ್ರೆ ಪಟ್ಟಿ ಹೋಗಿರೋ ಗಾಡಿ ಕಡಿಮೆ ಬೆಲೆಗೆ ಸಿಕ್ರೆ ಹೆದರ್ಬೇಡಿ, ಈ ಪಟ್ಟಿನ ಮನೇಲೇ ಮಾಡ್ಕೋಬಹುದು. ಅಡಾಲ್ಫ್ ಕೆಗ್ರೆಸ್ ಅನ್ನೋ ಫ್ರೆಂಚ್ ಇಂಜಿನಿಯರ್ ರಷ್ಯಾದಲ್ಲಿ ಝಾರ್ ನಿಕೊಲಸ್‌ನ ಕಾರುಗಳನ್ನ ನೋಡ್ಕೋತಿದ್ದವರು, ಮಂಜಲ್ಲಿ ಓಡ್ಲಿ ಅಂತ ಈ ಪಟ್ಟಿ ಪದ್ಧತಿ ಮಾಡಿದ್ದು, 1917ರ ಕ್ರಾಂತಿ ಆದ್ಮೇಲೆ ಊರಿಗೆ ವಾಪಸ್ ಬಂದು ಆಂದ್ರೆ ಸಿಟ್ರೊಯೆನ್ ಜೊತೆ ಸೇರ್ಕೊಂಡ್ರು. ಇದರ ವಿಶೇಷ ಏನಂದ್ರೆ ಟ್ಯಾಂಕ್ ಥರ ಕಬ್ಬಿಣದ ಕೊಂಡಿಗಳಿಲ್ಲ, ಒಂದೇ ಉದ್ದನೆ ರಬ್ಬರ್ ಬೆಲ್ಟು. ನಮಗೆ ಅದೇ ವರ, ಹಳೇ ಸೈಕಲ್ ಟ್ಯೂಬ್ ಸಣ್ಣಗೆ ಕತ್ತರಿಸಿ ಸುತ್ತಿ ಅಂಟಿಸಿದ್ರೆ ಮುಗೀತು, ಮೇಲೆ ಅಡ್ಡ ಗೆರೆಗೆ ಸಣ್ಣ ಪ್ಲಾಸ್ಟಿಕ್ ಚೂರು. ಕಟ್ಟಿದ ಟೆಂಟು, ಹಾಸಿಗೆ ಸುರುಳಿ, ನೀರಿನ ಚೀಲ ಎಲ್ಲಾ ನಾನು ಎಂ-ಸೀಲಲ್ಲೇ ಮಾಡೋದು. ಎರಡನೇ ಮಹಾಯುದ್ಧದ ಜರ್ಮನ್ ಹಾಫ್-ಟ್ರ್ಯಾಕ್ ಕಿಟ್‌ಗಳು ಎಲ್ಲೆಲ್ಲೂ ಸಿಗ್ತವೆ ಅಂತ ಅದನ್ನ ತಂದು ಕತ್ತರಿಸಕ್ಕೆ ಹೋಗ್ಬೇಡಿ, ಅದರ ಚಕ್ರ ಪಟ್ಟಿ ಜೋಡಣೆನೇ ಬೇರೆ. ಅಮೆರಿಕದ ಸೈನ್ಯದ ಹಾಫ್-ಟ್ರ್ಯಾಕ್ ಎಂ3 ಅದಾದ್ರೂ ಕೆಗ್ರೆಸ್ ವಂಶದ್ದೇ, ಆದ್ರೆ ಮೈಕಟ್ಟು ತುಂಬಾ ದೊಡ್ಡದು.

ಯಾವ ಯಾತ್ರೆ ಅಂದ್ರೆ, ನನ್ನ ಮನಸ್ಸಿರೋದು 1931ರಲ್ಲಿ ಸಿಟ್ರೊಯೆನ್‌ನವರು ಏಷ್ಯಾ ದಾಟಕ್ಕೆ ಹೊರಟ ‘ಹಳದಿ ಯಾತ್ರೆ’ ಮೇಲೆ. ಏಪ್ರಿಲಲ್ಲಿ ಬೈರೂತಿಂದ ಒಂದು ತಂಡ, ಚೀನಾ ಕಡೆಯಿಂದ ಇನ್ನೊಂದು. ಬೈರೂತ್ ತಂಡ ಬಾಗ್ದಾದ್, ಟೆಹರಾನ್, ಕಾಬೂಲ್, ಪೇಶಾವರ ದಾಟಿ ಶ್ರೀನಗರಕ್ಕೆ ಬಂತು, ಅಲ್ಲಿಂದ ಜುಲೈಯಲ್ಲಿ ಬರೀ ಎರಡು ಗಾಡಿ ಗಿಲ್ಗಿಟ್ ಕಡೆ ಹೊರಟ್ವು, ಸುಮಾರು 4,100 ಮೀಟರ್ ಎತ್ತರದ ಬುರ್ಜಿಲ್ ಕಣಿವೆದಾರಿ ಮೇಲಿಂದ. ಹೇಸರಗತ್ತೆಗೆ ಮಾಡಿದ ದಾರಿ ಅದು. ಒಂದು ಕಡೆ ರಸ್ತೆ ಅಂಚು ಕುಸಿದು ಗಾಡಿಯ ಒಂದು ಪಕ್ಕ ಗಾಳೀಲಿ ನೇತಾಡ್ತಿತ್ತು, ಕೆಲವು ಕಡೆ ಗಾಡೀನ ಪೂರ್ತಿ ಬಿಚ್ಚಿ ತುಂಡು ತುಂಡಾಗಿ ಹೊತ್ಕೊಂಡು ಹೋಗ್ಬೇಕಾಯ್ತು. ಹೊತ್ತಿದ್ದು ಯಾರು? ಅಲ್ಲಿನ ಕೂಲಿಗಳು. ಕಲೆಕ್ಷನ್‌ಗಳಲ್ಲಿ ನನಗೆ ನೋವಾಗೋದು ಇಲ್ಲೇ, ಹೊಳೆಯೋ ಗಾಡಿ ಇರುತ್ತೆ, ಟೋಪಿ ಹಾಕಿದ ಸಾಹೇಬ್ರು ಇರ್ತಾರೆ, ಹಗ್ಗ ಹಿಡಿದು ಎಳೆದೋರು ಒಬ್ಬರೂ ಇರಲ್ಲ. ಫೋಟೋಗಳಲ್ಲಿ ಅವರು ಸಾಲಾಗಿ ನಿಂತಿದಾರೆ, ಬೇಕಾದ್ರೆ ನೋಡಿ. ನಮ್ಮನೆ ಆಟದಲ್ಲಿ ಗಾಡಿ ಕಡಿದಾದ ಜಾಗಕ್ಕೆ ಬಂದ್ರೆ ಅದರ ಇಂಜಿನ್‌ಗೆ ದಾಳ ಇಲ್ಲ, ಹಗ್ಗ ಹಿಡಿದ ಪ್ರತಿ ನಾಲ್ಕು ಫಿಗರ್‌ಗೆ ಒಂದು ದಾಳ. ಆ ಒಂದು ನಿಯಮ ಹಾಕಿದ ಮೇಲೆ ಟೇಬಲ್ ಮೇಲಿನ ಆಟಾನೇ ಬದಲಾಯ್ತು, ಎಲ್ರೂ ಕೂಲಿಗಳನ್ನ ಕಾಪಾಡಕ್ಕೆ ಶುರು ಮಾಡಿದ್ರು.

ಮರಳು, ಬೆಟ್ಟ ಎರಡೂ ಬೇಡ ಅಂದ್ರೆ ಅಂಟಾರ್ಕ್ಟಿಕಾ ಇದೆ. ಅಮೆರಿಕದ ಅನ್ವೇಷಕ ಅಡ್ಮಿರಲ್ ಬರ್ಡ್‌ನ 1933-35ರ ಯಾತ್ರೇಲಿ ಮೂರು ಸಿಟ್ರೊಯೆನ್ ಇದ್ವು. 1934ರ ಚಳಿಗಾಲದಲ್ಲಿ ಬರ್ಡ್ ಒಬ್ಬರೇ ದೂರದ ಗುಡಿಸಲಲ್ಲಿ ಕಾರ್ಬನ್ ಮಾನಾಕ್ಸೈಡ್ ಹೊಗೆಯಿಂದ ಕಾಯಿಲೆ ಬಿದ್ದಿದ್ರು, ಮೂರು ಜನ ಕತ್ತಲಲ್ಲಿ ಗಾಡಿ ಓಡಿಸ್ಕೊಂಡು ಹೊರಟು ಎರಡು ಸಲ ವಾಪಸ್ ಬಂದು ಮೂರನೇ ಸಲ ಆಗಸ್ಟಲ್ಲಿ ಮುಟ್ಟಿದ್ರು. ಶತ್ರುನೇ ಇಲ್ಲದ ಸಿನಾರಿಯೋ, ಇಬ್ಬರು ಕೂತ್ಕೊಂಡು ಆಡಕ್ಕೆ ಬಹಳ ಚೆನ್ನಾಗಿರುತ್ತೆ.

ನೀವು ಬಜೆಟ್ ಕಮ್ಮಿ ಅಂತಾನೂ ಬರ್ದಿದೀರಿ, ಹಾಗಾದ್ರೆ ಗಿಲ್ಗಿಟ್‌ನಿಂದಲೇ ಶುರು ಮಾಡಿ. 1/48ರ ಹತ್ತಿರದ ಎರಡೇ ಗಾಡಿ ಸಾಕು, ಉಳಿದ ದುಡ್ಡಲ್ಲಿ ಇಪ್ಪತ್ತು ಕೂಲಿ ಫಿಗರ್, ಆರು ಕುದುರೆ ತಗೊಳ್ಳಿ. ಹಗ್ಗಕ್ಕೆ ಹೊಲಿಗೆ ದಾರ ಬೇಡ, ಎಳೆ ಎದ್ದು ನೂಲು ನೂಲಾಗಿ ಕಾಣುತ್ತೆ, ಹಳೇ ಚಾರ್ಜರ್ ವೈರ್ ಒಳಗಿನ ತಾಮ್ರದ ಎಳೆಗಳನ್ನ ಹೊಸೆದು ಬಣ್ಣ ಹಚ್ಚಿ, ಬಗ್ಗಿಸಿದ ಹಾಗೆ ನಿಲ್ಲುತ್ತೆ.